ನಿಂತ ಕಾರಿನ ಬ್ಯಾಟರಿ ಸೋರಿಕೆ

ನಿಂತ ಕಾರಿನ ಬ್ಯಾಟರಿ ಸೋರಿಕೆ ಎಂದರೆ ಎಂಜಿನ್ ಆರಿಸಿದ ಮೇಲೂ ವಾಹನದ ಯಾವುದೋ ಉಪಕರಣವು ಬ್ಯಾಟರಿಯಿಂದ ಅತಿಯಾಗಿ ವಿದ್ಯುತ್ತನ್ನು ಸೆಳೆಯುವ ದೋಷ. ಗಡಿಯಾರ, ಅಲಾರಂ ಮೊದಲಾದವುಗಳಿಗೆ ಸುಮಾರು 50 ಮಿಲಿಆಂಪಿಯರ್‌ವರೆಗಿನ ಬಳಕೆ ಸಹಜ. ಡಿಕ್ಕಿಯ ದೀಪ ಆರದೆ ಉಳಿದರೆ ಅಥವಾ ರಿಲೇ ಅಂಟಿಕೊಂಡರೆ ಅದು ಹೆಚ್ಚುತ್ತದೆ. 500 ಮಿಲಿಆಂಪಿಯರ್ ಸೋರಿದರೆ 45 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕು ದಿನಗಳೊಳಗೆ ಬರಿದಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂಥ ಮಲೆನಾಡಿನ ತಾಲ್ಲೂಕುಗಳಲ್ಲಿ ಮಳೆಗಾಲದ ದಿನ ಕಾರು ಹೊರಡದೆ ನಿಂತಾಗ ಈ ದೋಷ ಬಯಲಾಗುತ್ತದೆ. ಟರ್ಮಿನಲ್‌ಗಳ ನಡುವಿನ ತೇವ, ಕೊಳೆಯೂ ಅಲ್ಪ ಸೋರಿಕೆಗೆ ದಾರಿಯಾಗುತ್ತವೆ.

ಪತ್ತೆ ವಿಧಾನ

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ (ಸುಮಾರು 12.6 ವೋಲ್ಟ್), ತಂತಿ ಕಳಚಿ ಒಂದೆರಡು ದಿನ ಇಡಬೇಕು. ಆಗಲೂ ವೋಲ್ಟೇಜ್ ಕುಸಿದರೆ ದೋಷ ಬ್ಯಾಟರಿಯದೇ. ಇಲ್ಲವಾದರೆ ಋಣ ತಂತಿಗೆ ಆಮ್ಮೀಟರನ್ನು ಸರಣಿಯಲ್ಲಿ ಜೋಡಿಸಿ, ಅರ್ಧ ಗಂಟೆ ಕಾದು, ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯಬೇಕು. ಯಾವ ಫ್ಯೂಸ್ ತೆಗೆದಾಗ ಪ್ರವಾಹ ಇಳಿಯುವುದೋ ಆ ವಿದ್ಯುನ್ಮಂಡಲದಲ್ಲೇ ದೋಷವಿರುತ್ತದೆ. ಮೀಟರ್ ಜೋಡಿಸಿರುವಾಗ ಎಂಜಿನ್ ಚಾಲೂ ಮಾಡಬಾರದು.