ಅವ್ವನ ಸೋಮವಾರ

ಮಗಳಿಗೆ ಮುದ್ದೇಬಿಹಾಳದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಮನೆಯವರು ಮೊದಲು ಕೇಳಿದ್ದು ಅವಳು ಹುಟ್ಟಿದ ವೇಳೆಯನ್ನು. "ನಿಮಿಷ ತಪ್ಪಬಾರದ್ರೀ ಅಕ್ಕೋರ, ಬರಕೊಂಡು ಕಳಸ್ರಿ" ಎಂದರು. ದವಾಖಾನೆಯ ಚೀಟಿ ತೆಗೆದು ನೋಡಿದೆ. ತಾಸು, ನಿಮಿಷ ಎಲ್ಲವೂ ಅದರಲ್ಲಿತ್ತು. ಬರೆದು ಕಳಿಸಿದೆ. ಆ ರಾತ್ರಿ ಮಾತ್ರ ನನಗೆ ನಿದ್ದೆ ಹತ್ತಲಿಲ್ಲ. ಮೂವತ್ತು ವರ್ಷದ ಹಿಂದೆ ನನ್ನನ್ನು ನೋಡಲು ಬಂದವರೂ ಇದನ್ನೇ ಕೇಳಿದ್ದರು. ಆಗ ನಮ್ಮಲ್ಲಿ ಚೀಟಿ ಇರಲಿಲ್ಲ.

ನಾನು ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಶಾಲೆಗೆ ಹಚ್ಚಲು ಅಪ್ಪ ಕರೆದುಕೊಂಡು ಹೋದ ದಿನ ಹೆಡ್‌ಮಾಸ್ತರರು ನನ್ನ ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಗೆ ಮುಟ್ಟಿಸಿ ನೋಡಿದರು, ಮುಟ್ಟಿತು. ರಜಿಸ್ಟರಿನಲ್ಲಿ 1-6-1972 ಎಂದು ಬರೆದುಕೊಂಡರು. ನಮ್ಮ ವರ್ಗದ ಅರ್ಧಕ್ಕಿಂತ ಹೆಚ್ಚು ಮಕ್ಕಳು ಜೂನ್ ಒಂದರಂದೇ ಹುಟ್ಟಿದವರು! ನನ್ನ ವಯಸ್ಸಿನ ಓದುಗ ಗೆಳತಿಯರಲ್ಲಿ ಎಷ್ಟೋ ಜನ ಈ ಮಾತಿಗೆ ನಗುತ್ತಿರಬಹುದು.

ಬಿ.ಎ., ಬಿ.ಎಡ್. ಮುಗಿಸಿದ ಮೇಲೆ ಬಂದ ಆ ಸಂಬಂಧಕ್ಕೆ ಅಪ್ಪ ಕೊಟ್ಟದ್ದು ರಜಿಸ್ಟರಿನ ತಾರೀಖನ್ನೇ. ವೇಳೆ ಗೊತ್ತಿಲ್ಲವೆಂದಾಗ ಪಂಚಾಂಗದವರು ಮುಂಜಾನೆ ಆರು ಎಂದು ಹಿಡಿದು ಕುಂಡಲಿ ಬರೆದರು. ಗಣ ಕೂಡುವುದಿಲ್ಲ ಎಂಬ ಉತ್ತರ ಬಂತು. ಮಾಸ್ತರರು ಅಂದಾಜಿನ ಮೇಲೆ ಬರೆದ ತಾರೀಖಿಗೆ ಒಂದು ಗಣ ಹುಟ್ಟಿತು, ಆ ಗಣದಿಂದ ನನ್ನ ಮದುವೆ ಮುರಿಯಿತು. ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ, "ಎಲ್ಲಾರನೂ ಕೇಳಿದ್ರಿ. ಹಡದಾಕಿ ನಾನು, ನನ್ನ ಒಬ್ಬರರೆ ಕೇಳಿದ್ರೇನು?" ಎಂದಳು. ಆಗಲೂ ನಾವು ಕೇಳಲಿಲ್ಲ.

ಅವ್ವನ ಹತ್ತಿರ ಗಡಿಯಾರವಿರಲಿಲ್ಲ. ಆದರೂ ಅವಳ ದಿನದಲ್ಲಿ ಹೊತ್ತು ತಪ್ಪುತ್ತಿರಲಿಲ್ಲ. ಮನೆಯ ನೆರಳು ಕಟ್ಟೆಗೆ ಬಂದರೆ ಹೊಲಕ್ಕೆ ಬುತ್ತಿ. ಬೆಳ್ಳಿ ಚಿಕ್ಕಿ ಮೂಡುವ ದಿನಗಳಲ್ಲಿ ಅದನ್ನು ನೋಡಿ ಏಳುವುದು. ವರ್ಷವನ್ನು ಅವಳು ಮಳೆಗಳಿಂದ ಎಣಿಸುತ್ತಿದ್ದಳು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ನಕ್ಷತ್ರದ ಹೆಸರೇ ಮಳೆಗೆ. ಮೇ ಕೊನೆಗೆ ರೋಹಿಣಿ, ಆಮೇಲೆ ಮೃಗಶಿರ, ಆರಿದ್ರ. ಸೆಪ್ಟೆಂಬರ್ ಮಧ್ಯದಿಂದ ಉತ್ತರಿ. ಹಿಂಗಾರಿ ಜೋಳವನ್ನು ನೆಚ್ಚಿದ ನಮ್ಮ ಎರೆ ಸೀಮೆಯಲ್ಲಿ ಉತ್ತರಿ ಕೈಕೊಟ್ಟರೆ ವರ್ಷವೇ ಕೈಕೊಟ್ಟಂತೆ.

ಈ ಲೆಕ್ಕಗಳನ್ನು ನಾನು ಓದಿ ತಿಳಿದದ್ದು ಮಾಸ್ತರಿಕೆಗೆ ಬಂದ ಮೇಲೆ. ಒಂದು ದಿನಕ್ಕೆ ಅರವತ್ತು ಗಳಿಗೆ. ಒಂದು ಗಳಿಗೆ ಎಂದರೆ 24 ನಿಮಿಷ. ಎರಡು ಗಳಿಗೆ ಒಂದು ಮುಹೂರ್ತ, ಏಳೂವರೆ ಗಳಿಗೆ ಒಂದು ಜಾವ. ಚಂದ್ರ ಸೂರ್ಯನಿಗಿಂತ 12 ಅಂಶ ಮುಂದೆ ಸರಿದರೆ ಒಂದು ತಿಥಿ. ಚಂದ್ರನ ನಡಿಗೆ ಒಂದೇ ಸಮ ಇಲ್ಲದ್ದರಿಂದ ತಿಥಿ ಸುಮಾರು 19 ತಾಸಿಗೂ ಮುಗಿದೀತು, 26 ತಾಸಿಗೂ ಎಳೆದೀತು. ಹನ್ನೆರಡು ಚಾಂದ್ರಮಾಸ ಕೂಡಿದರೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಆ ಕೊರತೆ ಸೇರುತ್ತ ಹೋಗಿ ಮೂರು ವರ್ಷದ ಒಳಗೆ ಒಂದು ಅಧಿಕ ಮಾಸ ಬರುತ್ತದೆ. 2023ರಲ್ಲಿ ಎರಡು ಶ್ರಾವಣ ಬಂದದ್ದು ಇದರಿಂದಲೇ. ನಾವು ಸೊಸೆಯಂದಿರು ಮನೆಯ ಖರ್ಚನ್ನು ಸರಿದೂಗಿಸುವ ಹಾಗೆಯೇ ಇದು.

ಗಳಿಗೆಯನ್ನು ಅಳೆಯಲು ಹಿಂದೆ ಒಂದು ತಾಮ್ರದ ಬಟ್ಟಲಿತ್ತು. ತಳದಲ್ಲಿ ಸಣ್ಣ ತೂತು. ನೀರಿನ ಮೇಲೆ ತೇಲಿಬಿಟ್ಟರೆ ಒಂದು ಗಳಿಗೆಗೆ ತುಂಬಿ ಮುಳುಗುತ್ತದೆ. ಲೀಲಾವತಿಯ ಕಥೆ ಇರುವುದು ಇದೇ ಬಟ್ಟಲಿನ ಸುತ್ತ. ಭಾಸ್ಕರಾಚಾರ್ಯರು ಮಗಳ ಮದುವೆಯ ಗಳಿಗೆಗಾಗಿ ಬಟ್ಟಲು ಇಟ್ಟರಂತೆ. ಅವಳು ಬಗ್ಗಿ ನೋಡುವಾಗ ಒಂದು ಮುತ್ತು ಉದುರಿ ತೂತಿಗೆ ಕುಳಿತಿತಂತೆ. ಗಳಿಗೆ ಮೀರಿ ಹೋಯಿತು, ಮದುವೆ ಆಗಲಿಲ್ಲ, ತಂದೆ ಅವಳ ಹೆಸರಿನಲ್ಲಿ ಗಣಿತದ ಪುಸ್ತಕ ಬರೆದರು ಎಂಬುದು ಕಥೆ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರ ಊರಾದ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಕೆಲವು ಪಂಡಿತರು, ಮಹಾರಾಷ್ಟ್ರದ ಕಡೆಯದು ಎಂದು ಕೆಲವರು. ಅವರ ಗ್ರಂಥದಲ್ಲಿ ಈ ಕಥೆ ಇಲ್ಲ. 1587ರಲ್ಲಿ ಫೈಜಿ ಮಾಡಿದ ಪಾರಸಿ ಅನುವಾದದಲ್ಲಿ ಅದು ಬರುತ್ತದೆ. ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಯಾವಳಾದರೂ ಒಬ್ಬ ಹುಡುಗಿ, "ಆಕೀ ಮುಂದ ಏನಾದಳ್ರೀ ಟೀಚರ್?" ಎಂದು ಕೇಳುತ್ತಾಳೆ. ಕಥೆ ಹೇಳಿದವರು ಅದನ್ನು ಬರೆದಿಟ್ಟಿಲ್ಲ.

ನಾನೀಗ ಕೆಲಸ ಮಾಡುವುದು ಇಂಡಿ ತಾಲ್ಲೂಕಿನಲ್ಲಿ. ಅಲ್ಲಿಯ ಸಾಲೋಟಗಿಯದು ಪ್ರಸಿದ್ಧ ಶಾಸನ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ, ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ, ಭೂಮಿಯನ್ನೂ 27 ಮನೆಗಳನ್ನೂ ಕೊಟ್ಟ ವಿಷಯ ಅದರಲ್ಲಿದೆ. ಕಾಲ ಹೇಳುವಾಗ ಶಕ ವರ್ಷ 867, ಭಾದ್ರಪದ ಮಾಸ, ಮಂಗಳವಾರ, ಸೂರ್ಯಗ್ರಹಣ ಎಂದು ಒಂದರ ಜೊತೆ ಒಂದನ್ನು ಕೂಡಿಸಿದ್ದಾರೆ. ಒಂದು ಗುರುತು ಮಸುಕಾದರೂ ಇನ್ನೊಂದು ಹಿಡಿದು ದಿನವನ್ನು ಹುಡುಕಬಹುದು. ವಿದ್ವಾಂಸರು ಲೆಕ್ಕ ಹಾಕಿದಾಗ ಅದು ಕ್ರಿ.ಶ. 945ರ ಸೆಪ್ಟೆಂಬರ್ 9 ಎಂದು ಬಂತು. ಸಾವಿರ ವರ್ಷದ ಹಿಂದಿನ ಒಂದು ಮಂಗಳವಾರ ಸಿಕ್ಕಿದೆ, ನಾನು ಹುಟ್ಟಿದ ದಿನ ಸಿಗಬಾರದೇ ಎಂದು ಒಮ್ಮೆ ನನಗೆ ಅನಿಸಿತು.

ಅವ್ವ ಹಾಸಿಗೆ ಹಿಡಿದ ವರ್ಷ, ಕೊನೆಗೂ ಕೇಳಿದೆ. "ಯವ್ವಾ, ನಾ ಹುಟ್ಟಿದ್ದು ಯಾವಾಗ?"

ಅವಳು ಯೋಚನೆ ಮಾಡಲೇ ಇಲ್ಲ. "ಬರಗಾಲದ ವರ್ಷ. ಅನಂತನ ಹುಣ್ಣಿಮಿ ಆದ ಮ್ಯಾಲಿನ ಸೋಮವಾರ. ಎತ್ತು ಹೂಡೂ ದಿನ ಅಲ್ಲಲ್ಲ, ನಿಮ್ಮಪ್ಪ ಮನ್ಯಾಗ ಇದ್ದ. ಉತ್ತರಿ ಮುಗಿಯಾಕ ಬಂದಿತ್ತು, ಒಂದ ಹನಿ ಬಿದ್ದಿರಲಿಲ್ಲ. ಬೆಳ್ಳಿ ಚಿಕ್ಕಿ ಮೂಡಿತ್ತು. ಹೊತ್ತು ಹೊಂಡಾಕ ಇನ್ನ ಒಂದು ಜಾವ ಇತ್ತು."

ಅವಳು ಹೋದ ಮೇಲೆ ಹಳೆಯ ಪಂಚಾಂಗ ಹುಡುಕಿ ಕುಳಿತೆ. 1972ರ ಭಾದ್ರಪದ ಹುಣ್ಣಿಮೆಯ ನಂತರದ ಸೋಮವಾರ ಸೆಪ್ಟೆಂಬರ್ 25. ಉತ್ತರಿಯ ಕೊನೆಯ ದಿನಗಳು, ಸರಿಯಾಗಿ ಕೂಡಿತು. ಆ ತಿಂಗಳು ಶುಕ್ರ ಬೆಳಗಿನ ಜಾವಕ್ಕೇ ಮೂಡುತ್ತಿದ್ದ. ಇನ್ನೊಂದು ಮಾತು ಆಮೇಲೆ ಹೊಳೆಯಿತು. ನಮ್ಮ ಹಳೆಯ ಲೆಕ್ಕದಲ್ಲಿ ದಿನ ಬದಲಾಗುವುದು ಸೂರ್ಯ ಮೂಡಿದಾಗ. ಅವ್ವನ ಸೋಮವಾರದ ಬೆಳ್ಳಿ ಚಿಕ್ಕಿ ಇಂಗ್ಲಿಷ್ ಲೆಕ್ಕಕ್ಕೆ ಮಂಗಳವಾರ, 26, ನಸುಕಿನ ಮೂರು ಗಂಟೆ. ಓದು ಬಾರದ ಹೆಣ್ಣುಮಗಳು ಶಾಸನದವರ ಹಾಗೆಯೇ ಮಳೆ, ಹುಣ್ಣಿಮೆ, ವಾರ, ಚಿಕ್ಕಿ ಎಂದು ನಾಲ್ಕು ಗುರುತು ಹಾಕಿಟ್ಟಿದ್ದಳು. ಪಂಚಾಂಗದ ಮೇಲೆ ತಲೆಯಿಟ್ಟು ಅತ್ತೆ. ರಜಿಸ್ಟರಿನ ತಾರೀಖಿನಿಂದ ನಾನು ನಾಲ್ಕು ತಿಂಗಳು ಮೊದಲೇ ನಿವೃತ್ತಿಯಾಗುತ್ತೇನೆ. ಅದರ ದುಃಖ ನನಗಿಲ್ಲ. ಕೇಳಬೇಕಾದವಳನ್ನು ಅಷ್ಟು ವರ್ಷ ಕೇಳಲಿಲ್ಲವಲ್ಲ ಎಂಬುದೇ ದುಃಖ.

ಮದುವೆ ಮುರಿದ ಆ ಗಣದಿಂದ ನನಗೆ ಕೆಟ್ಟದ್ದೇನೂ ಆಗಲಿಲ್ಲ. ಮರುವರ್ಷ ಬಸವನ ಬಾಗೇವಾಡಿಯ ಮನೆಗೆ ಸೊಸೆಯಾಗಿ ಬಂದೆ. ಬಸವಣ್ಣನವರು ಹುಟ್ಟಿದ ಊರು. ನಮ್ಮ ಮಾವನವರು ಕುಂಡಲಿ ಕೇಳಲಿಲ್ಲ, "ಹುಡುಗಿ ಒಪ್ಪ್ಯಾಳೇನು?" ಎಂದಷ್ಟೇ ಕೇಳಿದರು.

ನಿಮಿಷದ ಬಗೆಗೂ ಒಂದು ಮಾತು ಹೇಳಬೇಕು. ನಮ್ಮ ಗಡಿಯಾರದ ವೇಳೆ 1906ರಿಂದ ಎಂಬತ್ತೆರಡೂವರೆ ಅಂಶದ ರೇಖಾಂಶಕ್ಕೆ ಹೊಂದಿದ್ದು. ನಮ್ಮ ತಾಲ್ಲೂಕುಗಳು ಅದರ ಪಶ್ಚಿಮಕ್ಕೆ, 76 ಅಂಶದ ಆಸುಪಾಸು. ಗಡಿಯಾರ ಹನ್ನೆರಡು ಹೊಡೆದ ಮೇಲೆ ಸೂರ್ಯ ನಮ್ಮ ನೆತ್ತಿಗೆ ಬರಲು ಸರಾಸರಿ 26 ನಿಮಿಷ ಬೇಕು. ಒಂದು ಗಳಿಗೆಗಿಂತ ತುಸು ಹೆಚ್ಚೇ. ಇದೆಲ್ಲವನ್ನೂ ಮುದ್ದೇಬಿಹಾಳದವರಿಗೆ ಫೋನಿನಲ್ಲಿ ಹೇಳಿದೆ, ಅವ್ವನ ಸೋಮವಾರದ ಕಥೆಯನ್ನೂ ಹೇಳಿದೆ. ಆ ಕಡೆ ಫೋನು ಹುಡುಗನ ಅಜ್ಜಿಯ ಕೈಗೆ ಹೋಯಿತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಹುಬ್ಬಿ ಮಳ್ಯಾಗ ಹುಟ್ಟಿದಾಕೀನ ನೋಡವಾ. ತಾರೀಖು ನನಗೂ ಗೊತ್ತಿಲ್ಲ" ಎಂದರು.

ಮೂರೂವರೆ ಮುಹೂರ್ತದ ದಿನಗಳನ್ನು ಬಲ್ಲಿರಿ. ಯುಗಾದಿ, ಅಕ್ಷಯ ತೃತೀಯಾ, ವಿಜಯದಶಮಿ, ಅರ್ಧ ಬಲಿಪಾಡ್ಯ. ಆ ದಿನ ಯಾರನ್ನೂ ಕೇಳಬೇಕಿಲ್ಲ. ಅಕ್ಷಯ ತೃತೀಯಾದಂದೇ ಬಸವ ಜಯಂತಿ. ಬರುವ ಬಸವ ಜಯಂತಿಗೆ ಬಾಗೇವಾಡಿಯಲ್ಲಿ ಅಕ್ಷತೆ ಎಂದು ಎರಡೂ ಮನೆಯವರು ಒಪ್ಪಿದ್ದೇವೆ. ಲಗ್ನಪತ್ರಿಕೆಯಲ್ಲಿ ತಾಸು, ನಿಮಿಷ ಹಾಕಿಸಿಲ್ಲ. "ಹೊತ್ತು ನೆತ್ತಿಗೆ ಬಂದಾಗ" ಎಂದು ಬರೆಸಿದ್ದೇನೆ. ಅವ್ವ ಇದ್ದಿದ್ದರೆ ನೆರಳು ನೋಡಿ ಸರಿಯಾದ ವೇಳೆಗೆ ಬರುತ್ತಿದ್ದಳು.