ದಿನ ತುಂಬದ ಶಿಶುವಿನ ವಯೋಗಣನೆ: ರಾಯಚೂರು, ದೇವದುರ್ಗ, ಮಾನ್ವಿ ಪರಿಸರದ ಒಂದು ಚಾರಿತ್ರಿಕ ವಿವೇಚನೆ

ರಾಯಚೂರು ಪ್ರದೇಶದ ಚರಿತ್ರೆಯು ಕೃಷ್ಣಾ-ತುಂಗಭದ್ರಾ ದೋಆಬಿನ ಕೋಟೆ, ಶಾಸನ ಮತ್ತು ಯುದ್ಧಗಳ ನೆಲೆಯಲ್ಲಿ ವಿಪುಲವಾಗಿ ರಚಿತವಾಗಿದೆ. ಇದೇ ನೆಲದ ಶಿಶುಗಳ ಜನನ ಮತ್ತು ಬೆಳವಣಿಗೆಯ ದಾಖಲೆಗಳು ಇತಿಹಾಸದ ಆಕರಗಳಾಗಿ ಪರಿಗಣಿತವಾದುದು ವಿರಳ. ಅವಧಿಗೆ ಮುನ್ನ ಜನಿಸಿದ ಮಗುವಿನ ವಯಸ್ಸನ್ನು ಯಾವ ದಿನದಿಂದ ಎಣಿಸಬೇಕು ಎಂಬ ಪ್ರಶ್ನೆಯ ಚರಿತ್ರೆಯನ್ನೂ, ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಪರಿಸರದ ದಾಖಲೆಗಳನ್ನು ಓದುವಲ್ಲಿ ಅದಕ್ಕಿರುವ ಮಹತ್ವವನ್ನೂ ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಗರ್ಭಿಣಿಗೆ ‘ದಿನ ತುಂಬುವುದು’ ಎಂಬ ನುಡಿ ಕನ್ನಡದಲ್ಲಿ ರೂಢವಾಗಿದೆ. ಆತುರಗಾರನನ್ನು ‘ಏಳು ತಿಂಗಳಿಗೆ ಹುಟ್ಟಿದವನು’ ಎಂದು ಹಾಸ್ಯ ಮಾಡುವುದೂ ಉಂಟು. ಏಳು ತಿಂಗಳ ಕೂಸು ಬದುಕುತ್ತದೆ, ಎಂಟು ತಿಂಗಳ ಕೂಸು ಬದುಕದು ಎಂಬ ನಂಬಿಕೆಯು ಭಾರತದಲ್ಲಿರುವಂತೆ ಪ್ರಾಚೀನ ಗ್ರೀಕ್ ವೈದ್ಯಗ್ರಂಥಗಳಲ್ಲಿಯೂ ಕಂಡುಬರುತ್ತದೆ. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಅವಧಿಗೆ ಮುನ್ನ ಜನಿಸುವ ಶಿಶುಗಳಲ್ಲಿ ಗರ್ಭದಲ್ಲಿ ಹೆಚ್ಚು ವಾರ ಕಳೆದವುಗಳ ಉಳಿವಿನ ಸಾಧ್ಯತೆಯೇ ಹೆಚ್ಚು. ಆದರೆ ಹುಟ್ಟಿದ ದಿನ ಬೇರೆ, ದಿನ ತುಂಬುವ ದಿನ ಬೇರೆ ಎಂಬ ಅರಿವು ಈ ನುಡಿಗಳಲ್ಲಿ ಅಡಗಿದೆ.

ಪ್ಯಾರಿಸ್ಸಿನ ಸ್ಟೆಫಾನ್ ತಾರ್ನಿಯೇ 1880ರ ದಶಕದ ಆರಂಭದಲ್ಲಿ ಶಿಶುಗಳಿಗೆ ಬೆಚ್ಚನೆಯ ಪೆಟ್ಟಿಗೆಯನ್ನು ಬಳಕೆಗೆ ತಂದನು. ಅಲ್ಲಿಯವನೇ ಆದ ಪಿಯೆರ್ ಬುದ್ಯಾಂ ಇಂತಹ ಶಿಶುಗಳ ಮೈಶಾಖ, ಆಹಾರ ಮತ್ತು ರೋಗಗಳ ಕುರಿತು 1900ರಲ್ಲಿ ಗ್ರಂಥವನ್ನು ಪ್ರಕಟಿಸಿದನು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 2500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ ಶಿಶುವನ್ನು ಅವಧಿಪೂರ್ವ ಶಿಶುವೆಂದು ಕರೆದಿತ್ತು. ದಿನ ತುಂಬಿಯೂ ಕೃಶವಾಗಿ ಹುಟ್ಟುವ ಮಕ್ಕಳಿರುವುದರಿಂದ 1961ರ ವೇಳೆಗೆ ಈ ಎರಡು ವರ್ಗಗಳನ್ನು ಬೇರ್ಪಡಿಸಲಾಯಿತು. ಈಗ 37 ವಾರ ತುಂಬುವ ಮುನ್ನ ಆಗುವ ಜನನವೇ ಅವಧಿಪೂರ್ವ ಜನನ. ಅಮೆರಿಕದ ಆರ್ನಾಲ್ಡ್ ಗೆಸೆಲ್ 20ನೆಯ ಶತಮಾನದ ಪೂರ್ವಾರ್ಧದಲ್ಲಿಯೇ, ಮಗುವಿನ ನಡವಳಿಕೆಯ ವಿಕಾಸವು ಜನನದಿಂದಲ್ಲ, ಗರ್ಭಧಾರಣೆಯಿಂದ ಸಾಗಿಬರುವ ಪಕ್ವತೆಯನ್ನು ಅನುಸರಿಸುತ್ತದೆ ಎಂದು ಪ್ರತಿಪಾದಿಸಿದನು.

ಹುಟ್ಟಿದ ದಿನದಿಂದ ಎಣಿಸಿದ ವಯಸ್ಸಿನಲ್ಲಿ, 40 ವಾರಗಳಿಗೆ ಕೊರತೆಯಾದ ವಾರಗಳನ್ನು ಕಳೆದರೆ ಬರುವುದೇ ‘ಸರಿಪಡಿಸಿದ ವಯಸ್ಸು’. 32 ವಾರಕ್ಕೆ ಜನಿಸಿದ ಮಗುವಿಗೆ 24 ವಾರವಾದಾಗ ಅದರ ಸರಿಪಡಿಸಿದ ವಯಸ್ಸು 16 ವಾರ. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು ಮೊದಲಾದವನ್ನು ಸಾಮಾನ್ಯವಾಗಿ ಎರಡು ವರ್ಷದವರೆಗೆ ಈ ವಯಸ್ಸಿನಂತೆಯೇ ಅಳೆಯುತ್ತಾರೆ. ಲಸಿಕೆಗಳಿಗೆ ಮಾತ್ರ ಹುಟ್ಟಿದ ದಿನವೇ ಆಧಾರ.

ರಾಯಚೂರು ಜಿಲ್ಲೆಯು 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯದ ಮೊದಲ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಆರಂಭಗೊಂಡು ಮುಂದೆ ಎಲ್ಲ ಜಿಲ್ಲೆಗಳಿಗೂ ವ್ಯಾಪಿಸಿತು. ಅಂಗನವಾಡಿಯ ಬೆಳವಣಿಗೆ ನಕ್ಷೆಯಲ್ಲಿ ವಯಸ್ಸು ಜನ್ಮದಿನಾಂಕದಿಂದಲೇ ಸಾಗುತ್ತದೆ. ಇದರ ಪರಿಣಾಮ ಅಲ್ಪವಲ್ಲ. 2006ರ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಗಂಡುಮಗುವಿನ ಕಡಿಮೆ ತೂಕದ ಗೆರೆ 6 ತಿಂಗಳಿಗೆ 6.4 ಕಿಲೋ, 4 ತಿಂಗಳಿಗೆ 5.6 ಕಿಲೋ. ಎರಡು ತಿಂಗಳು ಮುಂಚೆ ಜನಿಸಿ, 6 ತಿಂಗಳಾದಾಗ 5.8 ಕಿಲೋ ತೂಗುವ ಗಂಡುಮಗು ಒಂದು ಎಣಿಕೆಯಲ್ಲಿ ಅಪೌಷ್ಟಿಕ. ಇನ್ನೊಂದರಲ್ಲಿ ಗೆರೆಯ ಮೇಲಿರುವ ಮಗು. ರಾಯಚೂರಿನ ಮಕ್ಕಳ ಅಪೌಷ್ಟಿಕತೆ ರಾಜ್ಯದ ಗಮನ ಸೆಳೆದ ಕಾಲದಲ್ಲಿ, 2012ರಲ್ಲಿ, ಉಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಈ ಕಾಲದ ಅಂಕಿಅಂಶಗಳನ್ನು ಪರಿಶೀಲಿಸುವ ಸಂಶೋಧಕರು ಮೇಲಿನ ವ್ಯತ್ಯಾಸವನ್ನು ಗಮನದಲ್ಲಿರಿಸಿಕೊಳ್ಳಬೇಕು. ಇದರಿಂದ ಹಸಿವಿನ ವಾಸ್ತವ ಸುಳ್ಳಾಗುವುದಿಲ್ಲ. ತಾಯಿಯ ಅಪೌಷ್ಟಿಕತೆ ಮತ್ತು ರಕ್ತಹೀನತೆಗಳೇ ಅವಧಿಪೂರ್ವ ಹೆರಿಗೆಯ ಸಂಭವವನ್ನು ಹೆಚ್ಚಿಸುತ್ತವೆ.

ವಯಸ್ಸನ್ನು ಸರಿಪಡಿಸಲು ಗರ್ಭದ ವಾರಗಳು ಮೊದಲು ತಿಳಿದಿರಬೇಕು. ಕೊನೆಯ ಮುಟ್ಟಿನ ದಿನಾಂಕ ಮತ್ತು ಹೆರಿಗೆಯ ನಿರೀಕ್ಷಿತ ದಿನಾಂಕಗಳು ‘ತಾಯಿ ಕಾರ್ಡ್’ನಲ್ಲಿ ನಮೂದಾಗುತ್ತವೆ. ದೇವದುರ್ಗ ಮತ್ತು ಮಾನ್ವಿಯ ಒಣಭೂಮಿಯ ಹಾಗೂ ಕಾಲುವೆಯ ಕೊನೆಯಂಚಿನ ಗ್ರಾಮಗಳಿಂದ ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳಲ್ಲಿ ನೋಂದಣಿ ಒಂದೆಡೆ, ಹೆರಿಗೆ ಮತ್ತೊಂದೆಡೆ ಆಗುವುದುಂಟು. ಕಾರ್ಡು ಕೈತಪ್ಪಿದರೆ ಮಗುವಿನ ಒಂದು ವಯಸ್ಸೇ ಅಳಿಸಿಹೋದಂತೆ.

ಸರಿಪಡಿಸಿದ ವಯಸ್ಸು ಉದಾಸೀನಕ್ಕೆ ನೆಪವಾಗಬಾರದು ಎಂಬುದೂ ಅಷ್ಟೇ ಮುಖ್ಯ. ಕೈಕಾಲುಗಳ ಬಿಗಿತ, ಒಂದೇ ಕೈಯ ಬಳಕೆ, ಸದ್ದಿಗೆ ಸ್ಪಂದಿಸದಿರುವುದು ಯಾವ ಎಣಿಕೆಯಲ್ಲಿಯೂ ಸಹಜವಲ್ಲ. ಅಕ್ಷಿಪಟಲದ ತಪಾಸಣೆಯೂ ಕಾಯುವಂತಹುದಲ್ಲ. ಇದಕ್ಕಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಕಾರ್ಯಕ್ರಮ ಉತ್ತರ ಕರ್ನಾಟಕಕ್ಕೂ ವಿಸ್ತರಿಸಿತು. ರಾಯಚೂರು ನಗರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2007ರಲ್ಲಿ ಸ್ಥಾಪನೆಗೊಂಡಿತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ವಿಕಾಸದ ವಿಳಂಬವನ್ನು ತಪಾಸಣೆಯ ವ್ಯಾಪ್ತಿಗೆ ತಂದಿತು. 1997ರವರೆಗೆ ರಾಯಚೂರು ಜಿಲ್ಲೆಯ ಭಾಗವಾಗಿದ್ದ ಕೊಪ್ಪಳದಲ್ಲಿ, ಕಡಿಮೆ ತೂಕದ ಶಿಶುವನ್ನು ತಾಯಿಯ ಎದೆಗೆ ಒತ್ತಿಟ್ಟು ಕಾಪಾಡುವ ‘ಕಾಂಗರೂ ತಾಯಿ ಆರೈಕೆ’ಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಕ್ರಮವು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನೆಯ ಭಾಗವಾಗಿ ಜಾರಿಗೊಂಡಿತು.

ಹೀಗೆ ಶಿಶುಗಳು ಬದುಕುಳಿಯುವ ಸಾಧ್ಯತೆ ಹೆಚ್ಚಿದಂತೆ ಅವುಗಳ ಬೆಳವಣಿಗೆಯನ್ನು ಅಳೆಯುವ ಕ್ರಮವೂ ಸೂಕ್ಷ್ಮವಾಗಬೇಕಾಗಿದೆ. ಜನ್ಮದಿನಾಂಕದ ಪಕ್ಕದಲ್ಲಿ ದಿನ ತುಂಬಬೇಕಿದ್ದ ದಿನಾಂಕವೂ ದಾಖಲಾದರೆ ತಡವಾಗಿ ಬೆಳೆಯುತ್ತಿರುವ ಮಗು ಯಾವುದು, ಬೇಗ ಹುಟ್ಟಿದ ಮಗು ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಆಗ ತಾಯಿಯ ಮೇಲೆ ಬರುವ ಅಕಾರಣ ಆಕ್ಷೇಪವೂ ನಿಲ್ಲುತ್ತದೆ, ಚಿಕಿತ್ಸೆ ಬೇಕಾದ ಮಗುವಿಗೆ ಅದು ಸಕಾಲದಲ್ಲಿ ದೊರೆಯುತ್ತದೆ.