ಮೇಯ್ನ್ ಹೋದ ದಾರಿಗೇ ದೇಶ ಹೋಗುತ್ತಾ? 1936ರ ಒಂದು ಪಾಠ

(1/4)

ಮೊದಲ ಫೋಟೋದಲ್ಲಿರೋ ನಕ್ಷೆಯ ಬಲಗಡೆ ಮೇಲ್ತುದಿ ನೋಡಿ. ಇಡೀ ಅಮೆರಿಕಕ್ಕೆ ಒಂದೇ ಬಣ್ಣ. ಆ ಮೂಲೆಯಲ್ಲಿ ಮಾತ್ರ ಎರಡು ಪುಟ್ಟ ರಾಜ್ಯಗಳು ಬೇರೆ ಬಣ್ಣ ಬಳ್ಕೊಂಡು ಕೂತಿವೆ: ಮೇಯ್ನ್ ಮತ್ತು ವರ್ಮಾಂಟ್.

ಇದು 1936ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ. ಆಗ ಅಲ್ಲಿದ್ದದ್ದು 48 ರಾಜ್ಯ. ಡೆಮಾಕ್ರಟಿಕ್ ಪಕ್ಷದ ಫ್ರಾಂಕ್ಲಿನ್ ರೂಸ್‌ವೆಲ್ಟ್ 46 ಗೆದ್ದರು. ರಿಪಬ್ಲಿಕನ್ ಪಕ್ಷದ ಆಲ್ಫ್ ಲ್ಯಾಂಡನ್‌ಗೆ ಸಿಕ್ಕಿದ್ದು ಈ ಎರಡೇ. ಅವರು ಗವರ್ನರ್ ಆಗಿದ್ದ ಕಾನ್ಸಾಸ್ ಕೂಡ ಕೈಬಿಟ್ಟಿತು.

ವಿಚಿತ್ರ ಏನು ಗೊತ್ತಾ? "ಈ ಸಲ ಯಾರು ಗೆಲ್ತಾರೆ?" ಅಂತ ತಿಳ್ಕೊಳ್ಳೋಕೆ ಜನ ವರ್ಷಗಳಿಂದ ನೋಡ್ತಿದ್ದದ್ದು ಇದೇ ಮೇಯ್ನ್ ಕಡೆಗೆ!

ದೇಶವೆಲ್ಲ ನವೆಂಬರ್‌ನಲ್ಲಿ ಮತ ಹಾಕಿದರೆ, ಮೇಯ್ನ್ ತನ್ನ ಗವರ್ನರ್ ಚುನಾವಣೆಯನ್ನು ಸೆಪ್ಟೆಂಬರ್‌ನಲ್ಲೇ ಮುಗಿಸ್ತಿತ್ತು. 1840ರಲ್ಲಿ ಅಲ್ಲಿ ವ್ಹಿಗ್ ಪಕ್ಷದ ಎಡ್ವರ್ಡ್ ಕೆಂಟ್ ಮುಂದೆ ಬಂದರು. ಎರಡು ತಿಂಗಳ ನಂತರ ಅದೇ ಪಕ್ಷದ ವಿಲಿಯಂ ಹೆನ್ರಿ ಹ್ಯಾರಿಸನ್ ಅಧ್ಯಕ್ಷರಾಗಿ ಆಯ್ಕೆಯಾದರು. ಅಲ್ಲಿಂದ ಬೆಳೆದ ನಂಬಿಕೆಯೇ "ಮೇಯ್ನ್ ಹೋದ ಕಡೆಗೆ ದೇಶ."

ಆದರೆ ಲೆಕ್ಕ ತೆಗೆದು ನೋಡೋಣ. ಲಿಂಕನ್ ಗೆದ್ದ 1860ರಿಂದ 1928ರವರೆಗೆ 18 ಅಧ್ಯಕ್ಷೀಯ ಚುನಾವಣೆ ನಡೆದವು. ಅದರಲ್ಲಿ 14 ಸಲ ರಿಪಬ್ಲಿಕನ್ನರೇ ಗೆದ್ದರು. ಮೇಯ್ನ್ ಮೊದಲಿನಿಂದಲೂ ರಿಪಬ್ಲಿಕನ್ ಕೋಟೆ. ಅಂದರೆ ಮೇಯ್ನ್ ದೇಶದ ನಾಡಿ ಹಿಡಿದು ಹೇಳ್ತಿರಲಿಲ್ಲ. ತನ್ನ ಪಾಡಿಗೆ ಒಂದೇ ಕಡೆ ಮತ ಹಾಕ್ತಿತ್ತು, ದೇಶವೂ ಹೆಚ್ಚಾಗಿ ಅದೇ ಕಡೆ ಇತ್ತು. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅಷ್ಟೇ.

1932ರಲ್ಲಂತೂ ಇನ್ನೂ ತಮಾಷೆ. ಸೆಪ್ಟೆಂಬರ್‌ನಲ್ಲಿ ಮೇಯ್ನ್ ಡೆಮಾಕ್ರಟಿಕ್ ಗವರ್ನರ್ ಲೂಯಿಸ್ ಬ್ರಾನ್ ಅವರನ್ನು ಆರಿಸಿತು. ನವೆಂಬರ್‌ನಲ್ಲಿ ದೇಶ ರೂಸ್‌ವೆಲ್ಟ್ ಕಡೆ ವಾಲಿತು. ಆದರೆ ಅದೇ ನವೆಂಬರ್‌ನಲ್ಲಿ ಮೇಯ್ನ್ ಮಾತ್ರ ಮತ್ತೆ ರಿಪಬ್ಲಿಕನ್ ಹೂವರ್‌ಗೆ ಮತ ಹಾಕಿತು! ತಾನು ಹೇಳಿದ ಭವಿಷ್ಯವನ್ನು ತಾನೇ ನಂಬಲಿಲ್ಲ.

(2/4)

ಈಗ 1936. ಆರ್ಥಿಕ ಕುಸಿತದ ಏಳನೇ ವರ್ಷ. ರೂಸ್‌ವೆಲ್ಟ್ ಸರ್ಕಾರ ಕೆಲಸವಿಲ್ಲದವರಿಗೆ ರಸ್ತೆ, ಸೇತುವೆ, ಶಾಲೆ ಕಟ್ಟೋ ಕೂಲಿ ಕೊಡ್ತಿತ್ತು. ಹಿಂದಿನ ವರ್ಷವಷ್ಟೇ ವೃದ್ಧರ ಪಿಂಚಣಿ ಕಾನೂನು ಬಂದಿತ್ತು. ಉಳ್ಳವರಲ್ಲಿ ಅನೇಕರಿಗೆ ಇದ್ಯಾವುದೂ ಹಿಡಿಸಿರಲಿಲ್ಲ.

ಸೆಪ್ಟೆಂಬರ್ 14ಕ್ಕೆ ಮೇಯ್ನ್ ಮತ ಹಾಕಿತು. ರಿಪಬ್ಲಿಕನ್ ಲೂಯಿಸ್ ಬ್ಯಾರೋಸ್ ಗವರ್ನರ್ ಆದರು. ಸೆನೆಟ್‌ಗೆ ನಿಂತಿದ್ದ ಬ್ರಾನ್ ಸೋತರು. ಲ್ಯಾಂಡನ್ ಪಾಳಯಕ್ಕೆ ಹಬ್ಬ.

ಇನ್ನೊಂದು ಕಡೆ 'ಲಿಟರರಿ ಡೈಜೆಸ್ಟ್' ಅನ್ನೋ ವಾರಪತ್ರಿಕೆ ದೇಶದ ತುಂಬ ಅಣಕು ಮತಚೀಟಿ ಹಂಚಿತ್ತು. ಅದೂ ಸಾಮಾನ್ಯ ಪತ್ರಿಕೆಯಲ್ಲ. 1932ರಲ್ಲಿ ರೂಸ್‌ವೆಲ್ಟ್ ಮತ ಪ್ರಮಾಣವನ್ನು ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಹೇಳಿತ್ತು. ಹಾಗಾಗಿ ಅದರ ಮಾತೆಂದರೆ ವೇದವಾಕ್ಯ. ಈ ಸಲ ಅಂಚೆಯಲ್ಲಿ ಕಳಿಸಿದ್ದು 1 ಕೋಟಿ ಚೀಟಿ! ತುಂಬಿ ವಾಪಸ್ ಬಂದದ್ದು 23 ಲಕ್ಷಕ್ಕೂ ಹೆಚ್ಚು.

ಎಣಿಸಿದರು. ಇಬ್ಬರ ನಡುವೆ ಲೆಕ್ಕ ಹಾಕಿದರೆ ಲ್ಯಾಂಡನ್‌ಗೆ ಶೇ 57, ರೂಸ್‌ವೆಲ್ಟ್‌ಗೆ ಶೇ 43.

ಮೇಯ್ನ್ ಕೂಡ ಅದನ್ನೇ ಹೇಳಿತ್ತು, ಡೈಜೆಸ್ಟ್ ಕೂಡ ಅದನ್ನೇ ಹೇಳಿತು. ಇನ್ನೇನು ಬೇಕು?

ನವೆಂಬರ್ 3ಕ್ಕೆ ಜನ ಮತಗಟ್ಟೆಗೆ ಹೋದರು. ರೂಸ್‌ವೆಲ್ಟ್‌ಗೆ ಸುಮಾರು ಶೇ 61 ಮತ. ಎಲೆಕ್ಟೋರಲ್ ಮತಗಳಲ್ಲಿ 523ಕ್ಕೆ 8. ಎರಡು ವರ್ಷದೊಳಗೆ ಡೈಜೆಸ್ಟ್ ಪತ್ರಿಕೆಯೇ ಮುಚ್ಚಿಹೋಯ್ತು.

(3/4)

ಎಡವಿದ್ದು ಎಲ್ಲಿ?

ಡೈಜೆಸ್ಟ್ ವಿಳಾಸ ಹುಡುಕಿದ್ದು ಮುಖ್ಯವಾಗಿ ಟೆಲಿಫೋನ್ ಡೈರೆಕ್ಟರಿಯಲ್ಲಿ, ಕಾರು ನೋಂದಣಿ ಪಟ್ಟಿಯಲ್ಲಿ. 1936ರಲ್ಲಿ ಫೋನು, ಕಾರು ಯಾರ ಮನೆಯಲ್ಲಿರ್ತಿತ್ತು ಹೇಳಿ? ಕೂಲಿ ಕೆಲಸಕ್ಕೆ ಸಾಲು ನಿಂತವರ ಮನೆಯಲ್ಲಂತೂ ಅಲ್ಲ. ಅವರನ್ನು ಯಾರೂ ಕೇಳಲೇ ಇಲ್ಲ.

ಈ ಕಾರಣವನ್ನು ಪಠ್ಯಪುಸ್ತಕಗಳೂ ಹೇಳ್ತವೆ. ಆದರೆ ಕಥೆ ಇಷ್ಟಕ್ಕೇ ಮುಗಿಯಲ್ಲ. 1988ರಲ್ಲಿ ಪೆವರಿಲ್ ಸ್ಕ್ವೈರ್ ಎಂಬ ರಾಜಕೀಯ ವಿಜ್ಞಾನಿ ಹಳೇ ಸಮೀಕ್ಷೆಯೊಂದನ್ನು ಕೆದಕಿ ನೋಡಿದರು. ಅವರಿಗೆ ಕಂಡದ್ದು: ಚೀಟಿ ತಲುಪಿದ ಎಲ್ಲರೂ ಉತ್ತರ ಕಳಿಸಿದ್ದರೆ, ಡೈಜೆಸ್ಟ್ ಲೆಕ್ಕದಲ್ಲೂ ರೂಸ್‌ವೆಲ್ಟೇ ಮುಂದೆ ಇರ್ತಿದ್ದರು!

ಅಂದರೆ ತಪ್ಪು ಎರಡು ಕಡೆ. ಒಂದು, ಬಡವರ ಮನೆಗೆ ಚೀಟಿ ಹೋಗಲಿಲ್ಲ. ಎರಡು, ಚೀಟಿ ಸಿಕ್ಕವರಲ್ಲಿ ಮುಕ್ಕಾಲು ಪಾಲು ಜನ ಸುಮ್ಮನಿದ್ದರು. ಲ್ಯಾಂಡನ್ ಪರ ಇದ್ದವರು ಹೆಚ್ಚು ಹುರುಪಿನಿಂದ ತುಂಬಿ ಕಳಿಸಿದರು. ಗದ್ದಲ ಮಾಡಿದವರ ದನಿಯನ್ನೇ ಪತ್ರಿಕೆ ದೇಶದ ದನಿ ಅಂದುಕೊಂಡಿತು. ಸುಮ್ಮನಿದ್ದವರಿಗೂ ಒಂದು ಮತ ಇದೆ ಅನ್ನೋದೇ ಮರೆತುಹೋಯ್ತು.

ಅದೇ ವರ್ಷ ಜಾರ್ಜ್ ಗ್ಯಾಲಪ್ ಎಂಬ ಸಮೀಕ್ಷಕ ಡೈಜೆಸ್ಟ್‌ಗೆ ಹೋಲಿಸಿದರೆ ಚಿಟಿಕೆಯಷ್ಟು ಜನರನ್ನು ಮಾತ್ರ ಕೇಳಿದರು. ಆದರೆ ಹಳ್ಳಿಯವರು, ಪಟ್ಟಣದವರು, ಬಡವರು, ಉಳ್ಳವರು ಎಲ್ಲರೂ ಬರುವಂತೆ ನೋಡ್ಕೊಂಡರು. ರೂಸ್‌ವೆಲ್ಟ್ ಗೆಲ್ತಾರೆ ಅಂದರು. ಡೈಜೆಸ್ಟ್ ಎಷ್ಟು ತಪ್ಪು ಹೇಳಲಿದೆ ಅನ್ನೋದನ್ನೂ ಆ ಚೀಟಿ ಅಂಚೆಗೆ ಬೀಳೋ ಮುಂಚೆಯೇ ಹೇಳಿಬಿಟ್ಟರು! ಅವರ ಲೆಕ್ಕವೂ ಪೂರ್ತಿ ಸರಿಯಿರಲಿಲ್ಲ, ರೂಸ್‌ವೆಲ್ಟ್‌ಗೆ ಸುಮಾರು ಐದು ಪರ್ಸೆಂಟ್ ಕಡಿಮೆ ಕೊಟ್ಟಿದ್ದರು. ಆದರೂ ದಿಕ್ಕು ತಪ್ಪಿರಲಿಲ್ಲ.

(4/4)

ಇವರೆಲ್ಲರಿಗಿಂತ ಕರಾರುವಾಕ್ಕಾಗಿ ಹೇಳಿದವರು ಒಬ್ಬರಿದ್ದರು. ರೂಸ್‌ವೆಲ್ಟ್ ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ಫಾರ್ಲಿ. ದೇಶದ ಮೂಲೆಮೂಲೆಯ ಪಕ್ಷದ ಕಾರ್ಯಕರ್ತರಿಂದ ವರದಿ ತರಿಸಿಕೊಳ್ಳೋದು ಅವರ ರೂಢಿ. ಮತದಾನಕ್ಕೆ ಮುಂಚೆಯೇ ಅವರು ಹೇಳಿದ್ದು: ಮೇಯ್ನ್, ವರ್ಮಾಂಟ್ ಬಿಟ್ಟು ಎಲ್ಲ ನಮ್ಮದೇ. ಹಾಗೇ ಆಯ್ತು. ಆಮೇಲೆ ಹಳೇ ನಾಣ್ಣುಡಿಯನ್ನೇ ತಿರುಚಿ ನಕ್ಕರು: ಮೇಯ್ನ್ ಹೋದ ಕಡೆಗೆ ಹೋಗೋದು ವರ್ಮಾಂಟ್ ಮಾತ್ರ!

1958ರ ನಂತರ ಮೇಯ್ನ್ ಕೂಡ ನವೆಂಬರ್‌ಗೇ ಬಂತು. ನಂಬಿಕೆ ಮಾತ್ರ ಊರು ಬದಲಿಸಿತು. ಇಂಡಿಯಾನಾದ ವೀಗೋ ಕೌಂಟಿ 1888ರಿಂದ 2016ರವರೆಗೆ 33 ಚುನಾವಣೆಗಳಲ್ಲಿ 31 ಸಲ ಗೆದ್ದವರ ಜೊತೆಗಿತ್ತು. ಪ್ರತಿ ಸಲ ಪತ್ರಕರ್ತರ ದಂಡು ಅಲ್ಲಿಗೆ ಹೋಗ್ತಿತ್ತು. 2020ರಲ್ಲಿ ಅದೂ ತಪ್ಪಿತು. ವಾಷಿಂಗ್ಟನ್ ರಾಜ್ಯದ ಕ್ಲಾಲಂ ಕೌಂಟಿ 1980ರಿಂದ ಒಂದೂ ತಪ್ಪಿರಲಿಲ್ಲ. 2024ರಲ್ಲಿ ತಪ್ಪಿತು. ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿರೋ ದೇಶದಲ್ಲಿ ಯಾವುದೋ ಕೆಲವಕ್ಕೆ ಸತತವಾಗಿ ತಾಳೆಯಾಗೋದು ಪವಾಡವೇನಲ್ಲ.

ನಗಬೇಡಿ, ನಮ್ಮಲ್ಲೂ ಇದೆ. ಗದಗ ಜಿಲ್ಲೆಯ ಶಿರಹಟ್ಟಿಯಲ್ಲಿ ಗೆದ್ದ ಪಕ್ಷದ್ದೇ ಸರ್ಕಾರ ಅಂತ ಎಷ್ಟು ಸಲ ಕೇಳಿಲ್ಲ? 2023ರಲ್ಲಿ ಅಲ್ಲಿ ಗೆದ್ದದ್ದು ಬಿಜೆಪಿ, ಸರ್ಕಾರ ಮಾಡಿದ್ದು ಕಾಂಗ್ರೆಸ್.

ನನಗೆ ಅನ್ನಿಸೋದು ಇಷ್ಟು. ಒಂದು ಊರಿನ ಮತ ಆ ಊರಿನ ಕಥೆ ಹೇಳುತ್ತೆ: ಅಲ್ಲಿನ ಕೆಲಸ, ಸಾಲ, ಸಿಟ್ಟು, ಆಸೆ. ಅದನ್ನು ಜಾತಕ ಅಂದುಕೊಂಡರೆ ನಾವು ಆ ಊರನ್ನೂ ಕೇಳಿಸ್ಕೊಳ್ಳಲ್ಲ, ಉಳಿದ ಊರುಗಳನ್ನೂ ಕೇಳಲ್ಲ. ಮುಂದಿನ ಚುನಾವಣೆಗೆ ಯಾರಾದ್ರೂ "ಗಾಳಿ ಈ ಕಡೆ ಇದೆ" ಅಂದಾಗ ಒಂದೇ ಪ್ರಶ್ನೆ ಕೇಳಿ: ನೀವು ಯಾರನ್ನು ಕೇಳಲಿಲ್ಲ?

ನಿಮ್ಮ ಕಡೆ ಇಂಥ 'ಇಲ್ಲಿ ಗೆದ್ರೆ ಎಲ್ಲಾ ಕಡೆ ಗೆದ್ದಂಗೆ' ಅನ್ನೋ ಊರು ಯಾವುದು? ಕಾಮೆಂಟ್‌ನಲ್ಲಿ ಬರೀರಿ. ಹಿರಿಯರಿಂದ ಕೇಳಿದ್ದಾದರೆ ಇನ್ನೂ ಚೆಂದ.

#ಇತಿಹಾಸ #ಚುನಾವಣೆ #ಅಮೆರಿಕ #ಕನ್ನಡ